ಕೆಲಸ ಕೊಡುವವರ ಹೊಣೆ: ಅಮೆರಿಕದ ವಲಸೆ ಕಾನೂನು ಮತ್ತು ನಮ್ಮ ಮನೆತನಗಳು

ನಮ್ಮ ನಾಡಿನ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ಅಮೆರಿಕದ ವೀಸಾ ಎಂಬುದು ಮಗಳ ಮದುವೆ, ಮನೆ ಕಟ್ಟುವ ವಿಚಾರಗಳಷ್ಟೇ ಸಹಜವಾದ ಮಾತಾಗಿದೆ. ದಾವಣಗೆರೆ, ಹುಬ್ಬಳ್ಳಿ, ತುಮಕೂರು, ಕಲಬುರ್ಗಿ ಯಾವ ಊರಿಗೆ ಹೋದರೂ ಒಂದು ಓಣಿಯಲ್ಲಿ ನಾಲ್ಕು ಮನೆಯ ಮಕ್ಕಳಾದರೂ ಕಡಲಾಚೆ ಇರುತ್ತಾರೆ. ಆದರೆ ಈ ಮಾತುಕತೆಯೆಲ್ಲವೂ ಕೆಲಸ ಹುಡುಕಿಕೊಂಡು ಹೋಗುವವನ ಕಡೆಯಿಂದಲೇ ನಡೆಯುತ್ತದೆ. ವೀಸಾ ಸಿಕ್ಕಿತೇ, ಚೀಟಿ ಎತ್ತುವಾಗ ಹೆಸರು ಬಂತೇ, ಹಸಿರು ಚೀಟಿಗೆ ಎಷ್ಟು ವರ್ಷ ಎಂಬುದಷ್ಟೇ ನಮ್ಮ ಚಿಂತೆ. ಕೆಲಸ ಕೊಡುವವನ ತಲೆಯ ಮೇಲೆ ಆ ದೇಶದ ಕಾನೂನು ಎಂತಹ ಭಾರವನ್ನು ಹೊರಿಸಿದೆ ಎಂಬುದನ್ನು ವಿಚಾರಿಸುವವರು ವಿರಳ. ಈ ಒಂದೆರಡು ತಲೆಮಾರಿನಲ್ಲಿ ನಮ್ಮವರು ಅಲ್ಲಿ ನೌಕರರಾಗಿಯಷ್ಟೇ ಉಳಿದಿಲ್ಲ. ಕಂಪೆನಿ ಕಟ್ಟಿದವರಿದ್ದಾರೆ, ದವಾಖಾನೆ ನಡೆಸುವವರಿದ್ದಾರೆ, ಹೋಟೆಲು, ಪೆಟ್ರೋಲ್ ಬಂಕ್‌ಗಳ ಮಾಲೀಕರಿದ್ದಾರೆ. ಏನೂ ಇಲ್ಲದಿದ್ದರೂ ಹಸುಗೂಸನ್ನು ನೋಡಿಕೊಳ್ಳಲು ಮನೆಗೆ ಒಬ್ಬಾಕೆಯನ್ನು ಇಟ್ಟುಕೊಂಡ ದಂಪತಿಗಳಿದ್ದಾರೆ. ಕಾನೂನಿನ ಕಣ್ಣಿಗೆ ಇವರೆಲ್ಲರೂ ಉದ್ಯೋಗದಾತರೇ.

ಅಮೆರಿಕದಲ್ಲಿ ಈ ಹೊಣೆ ಹಿಂದಿನಿಂದ ಬಂದದ್ದಲ್ಲ. 1952ರ ವಲಸೆ ಕಾನೂನು ಪರವಾನಿಗೆ ಇಲ್ಲದೆ ಬಂದವರಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದು ಸಾರಿತ್ತು; ಆದರೆ ಅಂಥವರಿಗೆ ಕೆಲಸ ಕೊಡುವುದು ಆಶ್ರಯ ಕೊಟ್ಟಂತಾಗುವುದಿಲ್ಲ ಎಂಬ ವಿನಾಯಿತಿಯನ್ನೂ ಅದರ ಮಗ್ಗುಲಲ್ಲೇ ಸೇರಿಸಿತ್ತು. ಟೆಕ್ಸಾಸ್ ರಾಜ್ಯದ ದೊಡ್ಡ ಹಿಡುವಳಿದಾರರಿಗೆ ಗಡಿಯಾಚೆಯ ಮೆಕ್ಸಿಕೋ ಕೂಲಿಗಳು ಬೇಕಾಗಿದ್ದರು. ಆದುದರಿಂದಲೇ ಅದು 'ಟೆಕ್ಸಾಸ್ ವಿನಾಯಿತಿ' ಎಂಬ ಹೆಸರು ಪಡೆಯಿತು. ದುಡಿದವನು ಅಪರಾಧಿ, ದುಡಿಸಿಕೊಂಡವನು ನಿರಪರಾಧಿ ಎಂಬ ಈ ವಿಚಿತ್ರ ನ್ಯಾಯ ಮೂವತ್ತನಾಲ್ಕು ವರ್ಷ ನಡೆಯಿತು. 1986ರ ನವೆಂಬರ್ 6ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಸಹಿ ಹಾಕಿದ ವಲಸೆ ಸುಧಾರಣಾ ಕಾನೂನು ಅದನ್ನು ತೊಡೆದುಹಾಕಿತು. ಅದೇ ಕಾನೂನಿನ ಫಲವಾಗಿ ಸುಮಾರು 27 ಲಕ್ಷ ಜನರಿಗೆ ಅಧಿಕೃತ ವಾಸದ ಹಕ್ಕು ದೊರೆಯಿತು. ಅದೇ ಕಾನೂನು, ಅರ್ಹತೆ ಇಲ್ಲದವನೆಂದು ತಿಳಿದೂ ಕೆಲಸ ಕೊಡುವವನನ್ನು ಮೊದಲ ಬಾರಿಗೆ ಶಿಕ್ಷಾರ್ಹನನ್ನಾಗಿ ಮಾಡಿತು. ಅಂದಿನಿಂದ ಪ್ರತಿಯೊಬ್ಬ ಮಾಲೀಕನೂ ತನ್ನ ಬಾಗಿಲಲ್ಲಿ ತಾನೇ ಗಡಿ ಕಾಯುವವನಾದನು.

ಆ ಕಾವಲಿನ ಸಾಧನವೇ 'ಐ-9' ಎಂಬ ನಮೂನೆ. ನೋಡಲು ತೀರ ಸಣ್ಣದು. 1986ರ ನವೆಂಬರ್ 6ರ ನಂತರ ನೇಮಕಗೊಂಡ ಪ್ರತಿಯೊಬ್ಬನಿಗೂ ಅದು ಬೇಕು. ಅಲ್ಲಿಯೇ ಹುಟ್ಟಿ ಬೆಳೆದ ಪ್ರಜೆಗೂ ವಿನಾಯಿತಿಯಿಲ್ಲ. ಮೊದಲ ಭಾಗವನ್ನು ನೌಕರನು ಕೆಲಸಕ್ಕೆ ಸೇರಿದ ಮೊದಲ ದಿನ ಮುಗಿಯುವುದರೊಳಗೆ ತಾನೇ ತುಂಬಿ ಸಹಿ ಮಾಡಬೇಕು. ಎರಡನೆಯ ಭಾಗವನ್ನು ಮಾಲೀಕನು ಮೂರು ಕೆಲಸದ ದಿನಗಳೊಳಗೆ, ಮೂಲ ದಾಖಲೆಗಳನ್ನು ಪರೀಕ್ಷಿಸಿ ಪೂರ್ಣಗೊಳಿಸಬೇಕು. ದಾಖಲೆಗಳಿಗೆ ಮೂರು ಪಟ್ಟಿಗಳಿವೆ. ಮೊದಲ ಪಟ್ಟಿಯದು ಒಂದೇ ಸಾಕು: ಅಮೆರಿಕದ ಪಾಸ್‌ಪೋರ್ಟ್, ಕಾಯಂ ನಿವಾಸಿಯ ಹಸಿರು ಚೀಟಿ, ಸರ್ಕಾರ ಕೊಡುವ ಉದ್ಯೋಗ ಪರವಾನಿಗೆ ಚೀಟಿ ಇತ್ಯಾದಿ. ಅದಿಲ್ಲವಾದರೆ ಎರಡನೆಯ ಪಟ್ಟಿಯಿಂದ ಗುರುತಿನದೊಂದು, ಮೂರನೆಯದರಿಂದ ಕೆಲಸದ ಹಕ್ಕಿನದೊಂದು. ಸಾಮಾನ್ಯವಾಗಿ ವಾಹನ ಚಾಲನೆಯ ಲೈಸೆನ್ಸು ಮತ್ತು ಸೋಷಿಯಲ್ ಸೆಕ್ಯುರಿಟಿ ಚೀಟಿ. ದಾಖಲೆ ಮೇಲ್ನೋಟಕ್ಕೆ ನೈಜವಾಗಿ ತೋರಬೇಕು, ಎದುರಿಗೆ ನಿಂತವನಿಗೆ ಸಂಬಂಧಿಸಿದ್ದಾಗಿರಬೇಕು. ಮಾಲೀಕನಿಂದ ಕಾನೂನು ಬಯಸುವುದು ಅಷ್ಟನ್ನೇ. ಅವನು ಬೆರಳಚ್ಚು ತಜ್ಞನಾಗಬೇಕಾಗಿಲ್ಲ.

ತುಂಬಿದ ನಮೂನೆಯನ್ನು ಯಾವ ಕಚೇರಿಗೂ ಕಳಿಸುವಂತಿಲ್ಲ. ತನ್ನಲ್ಲೇ ಇಟ್ಟುಕೊಳ್ಳಬೇಕು. ನೇಮಕವಾದ ದಿನದಿಂದ ಮೂರು ವರ್ಷ, ಕೆಲಸ ಬಿಟ್ಟ ದಿನದಿಂದ ಒಂದು ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು. ಇಲ್ಲಿಯೇ ಅನೇಕರು ಎಡವುತ್ತಾರೆ. ಕೇಳುವವರು ಯಾರೂ ಇಲ್ಲವೆಂದು ನಮೂನೆ ಕಪಾಟಿನ ಮೂಲೆ ಸೇರುತ್ತದೆ. ಒಂದು ದಿನ ತಪಾಸಣೆಯ ನೋಟೀಸು ಬಂದಾಗ ಮೂರೇ ಕೆಲಸದ ದಿನಗಳ ಅವಕಾಶದಲ್ಲಿ ಎಲ್ಲವನ್ನೂ ಹೊರತೆಗೆದು ಒಪ್ಪಿಸಬೇಕಾಗುತ್ತದೆ. ಸಣ್ಣಪುಟ್ಟ ತಾಂತ್ರಿಕ ದೋಷಗಳನ್ನು ತಿದ್ದಲು ಹತ್ತು ಕೆಲಸದ ದಿನಗಳ ಕಾಲಾವಕಾಶ ಸಿಗುತ್ತದೆ; ನಮೂನೆಯೇ ಇಲ್ಲದಿದ್ದರೆ, ಅವಧಿ ಮೀರಿ ತುಂಬಿದ್ದರೆ ಅದು ಸಿಗದು. 2025ರಲ್ಲಿ ನಿಗದಿಯಾದ ದರದಂತೆ ಒಂದೊಂದು ನಮೂನೆಯ ದೋಷಕ್ಕೆ 288 ಡಾಲರಿನಿಂದ 2,861 ಡಾಲರಿನವರೆಗೆ ದಂಡ ವಿಧಿಸಬಹುದು. ನೂರು ನೌಕರರಿರುವ ಸಾಧಾರಣ ಸಂಸ್ಥೆಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ಆ ನೂರು ಜನರೂ ಕೆಲಸಕ್ಕೆ ಪೂರ್ಣ ಅರ್ಹರಾಗಿದ್ದರೂ ದಂಡ ತಪ್ಪುವುದಿಲ್ಲ ಎಂಬುದನ್ನು ಮರೆಯಬಾರದು. ಅನರ್ಹನೆಂದು ತಿಳಿದೂ ನೇಮಿಸಿಕೊಂಡವನ ದಂಡ ಬೇರೆ, ಅದು ಹೆಚ್ಚಿನದು.

ಹಾಗಾದರೆ ಕಟ್ಟುನಿಟ್ಟಾಗಿದ್ದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಕಾನೂನಿನ ಇನ್ನೊಂದು ಮುಖ ಇಲ್ಲಿದೆ. ದಂಡದ ಭಯದಿಂದ ಮಾಲೀಕರು ಪರಕೀಯ ಮುಖ, ಪರಕೀಯ ಉಚ್ಚಾರವುಳ್ಳವರನ್ನೆಲ್ಲ ದೂರವಿಡತೊಡಗಿದರು. 1990ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಈ ಕಾನೂನಿನಿಂದಾಗಿ ವ್ಯಾಪಕವಾದ ತಾರತಮ್ಯ ಹುಟ್ಟಿದೆಯೆಂದು ವರದಿ ಕೊಟ್ಟಿತು. ಅದೇ ವರ್ಷದ ವಲಸೆ ಕಾನೂನಿನಲ್ಲಿ, ಬೇಕಾದುದಕ್ಕಿಂತ ಹೆಚ್ಚಿನ ದಾಖಲೆ ಕೇಳುವುದು, ಇಂಥದೇ ದಾಖಲೆ ತಾ ಎಂದು ಹಟ ಹಿಡಿಯುವುದು ಅಕ್ರಮವೆಂದು ಸೇರಿಸಲಾಯಿತು. ಪಟ್ಟಿಯಿಂದ ಆರಿಸಿಕೊಳ್ಳುವ ಹಕ್ಕು ನೌಕರನದು. ಲೈಸೆನ್ಸು ಮತ್ತು ಸೋಷಿಯಲ್ ಸೆಕ್ಯುರಿಟಿ ಚೀಟಿ ತಂದವನಿಗೆ 'ನಿನ್ನ ಹಸಿರು ಚೀಟಿ ತೋರಿಸು' ಎನ್ನುವ ಮಾಲೀಕನು, ತಾನು ಜಾಗರೂಕನೆಂದು ಭಾವಿಸಿಕೊಂಡೇ ಅಪರಾಧಕ್ಕೆ ಒಳಗಾಗುತ್ತಾನೆ. ಕಡಿಮೆ ಕೇಳಿದರೂ ತಪ್ಪು, ಹೆಚ್ಚು ಕೇಳಿದರೂ ತಪ್ಪು. ನಡುವಣ ಆ ಸಣ್ಣ ದಾರಿಯನ್ನು ಓದಿ ತಿಳಿದುಕೊಂಡೇ ನಡೆಯಬೇಕು, ಅಂದಾಜಿನಿಂದ ನಡೆಯಲಾಗದು.

ನಮ್ಮ ನಾಡಿಗೆ ಸಂಬಂಧಿಸಿದ ಪ್ರಕರಣವೊಂದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 2013ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದೊಂದಿಗೆ 3 ಕೋಟಿ 40 ಲಕ್ಷ ಡಾಲರುಗಳ ರಾಜಿಗೆ ಸಹಿ ಹಾಕಿತು. ಅದರಲ್ಲಿ ಎರಡು ಎಳೆಗಳಿದ್ದವು. ವ್ಯವಹಾರದ ಭೇಟಿಗೆಂದು ಕೊಡುವ ಬಿ-1 ವೀಸಾದಲ್ಲಿ ನೌಕರರನ್ನು ಕಳಿಸಿ ಅವರಿಂದ ನಿಜವಾದ ಕೆಲಸ ಮಾಡಿಸಲಾಗಿದೆ ಎಂಬುದು ಸರ್ಕಾರದ ಆರೋಪ. ಆಹ್ವಾನ ಪತ್ರಗಳಲ್ಲಿ ಕೆಲಸವೆಂಬ ಅರ್ಥ ಬರುವ ಮಾತುಗಳನ್ನು ಬಳಸಬೇಡಿರೆಂದು ಸೂಚನೆ ಕೊಡಲಾಗಿತ್ತೆಂದೂ ಸರ್ಕಾರ ಹೇಳಿತು. ವೀಸಾ ವಂಚನೆಯ ಆರೋಪವನ್ನು ಸಂಸ್ಥೆ ಒಪ್ಪಲಿಲ್ಲ. ಬಿ-1 ವೀಸಾದ ಮೇಲಿನ ಕೆಲಸ ತನ್ನ ಒಟ್ಟು ಕೆಲಸದ ಅತ್ಯಲ್ಪ ಅಂಶವೆಂದು ವಾದಿಸಿತು. ಆ ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಲೂ ಇಲ್ಲ. ಆದರೆ ಎರಡನೆಯ ಎಳೆ ಬೇರೆ ತೆರನಾದುದು. 2010 ಮತ್ತು 2011ರಲ್ಲಿ ಅನೇಕ ವಿದೇಶೀ ನೌಕರರ ಐ-9 ನಮೂನೆಗಳನ್ನು ಸರಿಯಾಗಿ ಇಟ್ಟಿರಲಿಲ್ಲ, ಪರವಾನಿಗೆಯ ಅವಧಿ ಮುಗಿದಾಗ ಪುನಃ ಪರಿಶೀಲಿಸಿರಲಿಲ್ಲ. ಕಾಗದಪತ್ರದ ಈ ಲೋಪವನ್ನು ಸಂಸ್ಥೆಯೇ ಒಪ್ಪಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆಯ ಕೈಯಲ್ಲೂ ಈ ಸಣ್ಣ ನಮೂನೆ ಜಾರಿತೆಂದ ಮೇಲೆ, ಒಂದು ಅಂಗಡಿಯ ಮಾಲೀಕನ ಕೈಯಲ್ಲಿ ಜಾರುವುದು ಆಶ್ಚರ್ಯವಲ್ಲ.

ವ್ಯವಹಾರದ ಭೇಟಿ ಎಲ್ಲಿ ಮುಗಿಯುತ್ತದೆ, ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ 2025ರಲ್ಲಿ ಮತ್ತೊಮ್ಮೆ ಎದ್ದಿತು. ಸೆಪ್ಟೆಂಬರ್ 4ರಂದು ಜಾರ್ಜಿಯಾ ರಾಜ್ಯದಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಸಂಸ್ಥೆಗಳು ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಯ ಮೇಲೆ ದಾಳಿ ನಡೆದು ಸುಮಾರು 475 ಜನರನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಅವರಲ್ಲಿ 300ಕ್ಕೂ ಹೆಚ್ಚು ಜನ ದಕ್ಷಿಣ ಕೊರಿಯಾದವರು. ಸಭೆ, ಸಂಧಾನ, ಕರಾರಿನ ಮಾತುಕತೆ ಬಿ-1 ವೀಸಾದಲ್ಲಿ ಸಲ್ಲುತ್ತವೆ. ಹೊರದೇಶದಿಂದ ಮಾರಿದ ಯಂತ್ರವನ್ನು ಮಾರಾಟದ ಕರಾರಿನಂತೆ ಜೋಡಿಸಿ ಕೊಡುವುದೂ ಸಲ್ಲುತ್ತದೆ. ಕಟ್ಟಡದ ಕೆಲಸ ಸಲ್ಲುವುದಿಲ್ಲ. 'ಹದಿನೈದು ದಿನ ಹೋಗಿ ಆ ಕೆಲಸ ಮುಗಿಸಿ ಬಾರಪ್ಪ' ಎಂದು ಬೆಂಗಳೂರಿನಿಂದ ಹುಡುಗರನ್ನು ಕಳಿಸುವ ಸಣ್ಣ ಕಂಪೆನಿಗಳ ಹಿರಿಯರು ಈ ಗೆರೆಯನ್ನು ಚೆನ್ನಾಗಿ ತಿಳಿದಿರಬೇಕು. ಸಿಕ್ಕಿಬೀಳುವವನು ವಿಮಾನವೇರಿದ ಹುಡುಗನೇ ಹೊರತು ಇಲ್ಲಿ ಕುಳಿತು ಕಳಿಸಿದವನಲ್ಲ. ಮುಂದೆ ಎಂದೂ ಆ ದೇಶದ ವೀಸಾ ಸಿಗದೆ ಹೋಗುವ ಭಯವೂ ಅವನಿಗೇ.

ಇನ್ನು ಎಚ್-1ಬಿ ವೀಸಾ. ವರ್ಷಕ್ಕೆ 65,000, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಉನ್ನತ ಪದವಿ ಪಡೆದವರಿಗೆ ಮತ್ತೆ 20,000 ಎಂಬ ಮಿತಿಯನ್ನೂ ಅದಕ್ಕಾಗಿ ನಡೆಯುವ ಪೈಪೋಟಿಯನ್ನೂ ಎಲ್ಲರೂ ಬಲ್ಲರು. 2025ರ ಸೆಪ್ಟೆಂಬರ್ 19ರಂದು ಹೊರಟ ಅಧ್ಯಕ್ಷರ ಘೋಷಣೆಯು, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರು ಕಟ್ಟಬೇಕೆಂದು ವಿಧಿಸಿದಾಗ ನಮ್ಮ ಮನೆಗಳಲ್ಲಿ ಎದ್ದ ಗಾಬರಿಯೂ ಗೊತ್ತಿರುವುದೇ. ಅದರ ಒಳಗಿನ ಕರಾರು ಮಾತ್ರ ಹೆಚ್ಚಿನವರಿಗೆ ತಿಳಿಯದು. ಅರ್ಜಿ ಹಾಕುವುದಕ್ಕೆ ಮೊದಲು ಮಾಲೀಕನು ಕಾರ್ಮಿಕ ಇಲಾಖೆಗೆ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಮುಚ್ಚಳಿಕೆ ಎಂಬ ಹಳೆಯ ಕಂದಾಯ ಕಚೇರಿಯ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ, ಏಕೆಂದರೆ ಅದರ ಭಾವ ಅದೇ: ಈ ಮಾತಿಗೆ ತಪ್ಪಿದರೆ ಶಿಕ್ಷೆಗೆ ಬಾಧ್ಯನೆಂಬ ಒಪ್ಪಿಗೆ. ಅದೇ ಕೆಲಸಕ್ಕೆ ತಾನು ಇತರರಿಗೆ ಕೊಡುವ ಸಂಬಳ, ಆ ಪ್ರದೇಶದ ಚಾಲ್ತಿ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಕೊಡುತ್ತೇನೆ. ಇವನು ಬಂದುದರಿಂದ ಇತರ ಕೆಲಸಗಾರರ ಸ್ಥಿತಿ ಕೆಡುವುದಿಲ್ಲ. ಕೆಲಸದ ಸ್ಥಳದಲ್ಲಿ ಮುಷ್ಕರವಿಲ್ಲ. ಈ ವಿಷಯವನ್ನು ಅಲ್ಲಿನ ಕೆಲಸಗಾರರಿಗೆ ಪ್ರಕಟಿಸಿದ್ದೇನೆ ಎಂದು ಅವನು ಸಾರಬೇಕು. ಈ ಕಾಗದಗಳ ಒಂದು ಕಡತವನ್ನು ಯಾರು ಬಂದು ಕೇಳಿದರೂ ತೋರಿಸುವಂತೆ ಇಟ್ಟಿರಬೇಕು.

ನಮ್ಮ ಹುಡುಗರನ್ನು ಹೆಚ್ಚಾಗಿ ಕಾಡುವುದು 'ಬೆಂಚ್' ಎಂಬ ಪಿಡುಗು. ಗಿರಾಕಿಯ ಕೆಲಸ ಮುಗಿಯಿತು, ಹೊಸದು ಬಂದಿಲ್ಲ, ಅಲ್ಲಿಯವರೆಗೆ ಸಂಬಳವಿಲ್ಲದೆ ಕಾದಿರು ಎನ್ನುವ ಪದ್ಧತಿ. ಒಂದೇ ಕೊಠಡಿಯಲ್ಲಿ ಐದಾರು ಜನ ತಿಂಗಳುಗಟ್ಟಲೆ ಹೀಗೆ ಕಾದಿದ್ದ ಕಥೆಗಳನ್ನು ಊರಿಗೆ ಬಂದವರು ಹೇಳುವುದುಂಟು. ಹೇಳುವಾಗ ಅದು ತಮ್ಮ ಹಣೆಬರಹವೆಂಬಂತೆ ಹೇಳುತ್ತಾರೆ. ಹಣೆಬರಹವಲ್ಲ, ಕಾನೂನುಬಾಹಿರ. 1998ರ ತಿದ್ದುಪಡಿಯಂತೆ, ಕೆಲಸವಿಲ್ಲದಿರುವುದು ಮಾಲೀಕನ ಕಾರಣದಿಂದಾದರೆ ಪೂರ್ಣ ಸಂಬಳವನ್ನು ಕೊಡಲೇಬೇಕು. ಬೇಡವೆಂದಾದರೆ ಕ್ರಮಬದ್ಧವಾಗಿ ಬಿಡುಗಡೆ ಮಾಡಬೇಕು: ನೌಕರನಿಗೆ ತಿಳಿಸಬೇಕು, ವಲಸೆ ಇಲಾಖೆಗೆ ತಿಳಿಸಬೇಕು, ಸ್ವದೇಶಕ್ಕೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚನ್ನು ಕೊಡಲು ಮುಂದಾಗಬೇಕು. ಈ ಕ್ರಮ ಅನುಸರಿಸದೆ ಮೌಖಿಕವಾಗಿ 'ನಾಳೆಯಿಂದ ಬೇಡ' ಎಂದವನ ಮೇಲೆ ಸಂಬಳದ ಬಾಕಿ ಬೆಳೆಯುತ್ತಲೇ ಹೋಗಬಹುದು. ಕೆಲಸ ಕಳೆದುಕೊಂಡವನಿಗೆ ಬೇರೆ ಮಾಲೀಕನನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನಗಳ ಅವಕಾಶವನ್ನು 2017ರಿಂದ ಜಾರಿಗೆ ಬಂದ ನಿಯಮ ಕಲ್ಪಿಸಿದೆ. ಬಾಡಿಗೆ ಮನೆ, ಮಕ್ಕಳ ಶಾಲೆ, ಹೆಂಡತಿಯ ಬಸಿರು ಇವುಗಳ ನಡುವೆ 60 ದಿನವೆಂದರೆ ಎಷ್ಟು ಎಂಬುದನ್ನು ಅನುಭವಿಸಿದವರೇ ಬಲ್ಲರು.

ಅರ್ಜಿಯ ಶುಲ್ಕ, ವಕೀಲರ ಖರ್ಚುಗಳನ್ನು ನೌಕರನಿಂದ ವಸೂಲು ಮಾಡುವುದೂ ಸಲ್ಲದು. ಅವಧಿಗೆ ಮೊದಲು ಬಿಟ್ಟುಹೋದನೆಂದು ದಂಡ ಹಾಕುವಂತೆಯೂ ಇಲ್ಲ. ನಿಜವಾಗಿ ಆದ ನಷ್ಟಕ್ಕೆ ತಕ್ಕ ಪರಿಹಾರವನ್ನು ಮಾತ್ರ, ಆಯಾ ರಾಜ್ಯದ ಕಾನೂನು ಒಪ್ಪಿದರೆ, ಕೇಳಬಹುದು. ನಮ್ಮಲ್ಲಿ ಪರಿಸ್ಥಿತಿ ಬೇರೆ. ವಿಜಯಾ ಬ್ಯಾಂಕು ತನ್ನ ಅಧಿಕಾರಿಗಳಿಂದ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂದು ಬರೆಸಿಕೊಂಡಿದ್ದ ಬಾಂಡನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಒಪ್ಪಿರಲಿಲ್ಲ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಲ್ಲಿನ ಬಾಂಡಿನ ರೂಢಿಯನ್ನು ಹಾಗೆಯೇ ಅಲ್ಲಿಗೆ ಕೊಂಡೊಯ್ದು ಸಿಕ್ಕಿಬಿದ್ದ ಮಾಲೀಕರು ನಮ್ಮ ದೇಶದವರಲ್ಲಿ ಕಡಿಮೆಯಿಲ್ಲ.

'ನಮ್ಮವರಿಗೇ ಕೆಲಸ ಕೊಡುತ್ತೇವೆ' ಎಂಬ ಅಭಿಮಾನವೂ ಅಲ್ಲಿ ಅಪಾಯಕ್ಕೆ ದಾರಿ. ಎಚ್-1ಬಿ ಇರುವವರು ಮಾತ್ರ ಅರ್ಜಿ ಹಾಕಿರೆಂದು ಜಾಹೀರಾತು ಕೊಟ್ಟ ಸಂಸ್ಥೆಗಳ ಮೇಲೆ ನ್ಯಾಯ ಇಲಾಖೆ ಕ್ರಮ ಕೈಗೊಂಡಿದೆ. ಹಸಿರು ಚೀಟಿಗಾಗಿ ಹೆಸರಿಗಷ್ಟೇ ಜಾಹೀರಾತು ಕೊಟ್ಟು ಸ್ಥಳೀಯ ಅರ್ಜಿದಾರರನ್ನು ನಿರುತ್ಸಾಹಗೊಳಿಸಿದ ಆರೋಪದ ಮೇಲೆ 2021ರಲ್ಲಿ ಫೇಸ್‌ಬುಕ್ ಸಂಸ್ಥೆ 1 ಕೋಟಿ 42 ಲಕ್ಷ 50 ಸಾವಿರ ಡಾಲರಿನವರೆಗೆ, 2023ರಲ್ಲಿ ಆಪಲ್ ಸಂಸ್ಥೆ 2 ಕೋಟಿ 50 ಲಕ್ಷ ಡಾಲರಿನವರೆಗೆ ಕೊಡುವ ಒಪ್ಪಂದಕ್ಕೆ ಬಂದವು.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ವಿಷಯ ಇನ್ನೊಂದಿದೆ. ಎಚ್-1ಬಿ ನೌಕರನ ಹಸಿರು ಚೀಟಿಯ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ, ಅವನ ಹೆಂಡತಿಗೆ 2015ರಿಂದ ಉದ್ಯೋಗ ಪರವಾನಿಗೆ ಚೀಟಿ ದೊರೆಯುತ್ತ ಬಂದಿದೆ. ಎಂಜಿನಿಯರಿಂಗ್ ಓದಿ, ಮದುವೆಯಾಗಿ ಹೋಗಿ, ವರ್ಷಗಟ್ಟಲೆ ಕೈಕಟ್ಟಿ ಕುಳಿತಿದ್ದ ನಮ್ಮ ಅನೇಕ ಸೊಸೆಯಂದಿರಿಗೆ ಅದು ಮರುಜೀವ ಕೊಟ್ಟಿತು. ಚೀಟಿಯ ಅವಧಿ ಮುಗಿಯುವ ಮೊದಲು ನವೀಕರಣಕ್ಕೆ ಅರ್ಜಿ ಹಾಕಿದ್ದರೆ ಹಳೆಯ ಚೀಟಿಯೇ ಕೆಲ ಕಾಲ ತಾನಾಗಿ ಮುಂದುವರಿಯುವ ಅನುಕೂಲವಿತ್ತು. 2025ರ ಅಕ್ಟೋಬರ್ 30ರಂದು ಅಥವಾ ಆ ನಂತರ ಹಾಕಿದ ಅರ್ಜಿಗಳಿಗೆ ಆ ಅನುಕೂಲವನ್ನು ಸರ್ಕಾರ ಕೊನೆಗೊಳಿಸಿತು. ಹೊಸ ಚೀಟಿ ಕೈಸೇರದೆ ಹಳೆಯದರ ದಿನ ಮುಗಿದರೆ, ಅವಳು ಎಷ್ಟೇ ನಿಪುಣಳಾಗಿದ್ದರೂ ಮಾಲೀಕನು ಕೆಲಸದಿಂದ ನಿಲ್ಲಿಸಲೇಬೇಕು. ಇದರಲ್ಲಿ ಅವನ ನಿರ್ದಯತೆಯನ್ನು ಕಾಣುವುದು ತಪ್ಪು. ಆದರೆ ಮೂರು ನಾಲ್ಕು ತಿಂಗಳು ಮೊದಲೇ ತಾರೀಖನ್ನು ನೋಡಿ ಅವಳನ್ನು ಎಚ್ಚರಿಸುವ ಮಾಲೀಕನಿಗೂ, ಕೊನೆಯ ದಿನ ಸಂಜೆ ಬಾಗಿಲು ತೋರಿಸುವವನಿಗೂ ಬಹಳ ವ್ಯತ್ಯಾಸವುಂಟು. ಇದಕ್ಕೆ ವಿರುದ್ಧವಾಗಿ, ಕಾಯಂ ನಿವಾಸಿಯ ಹಸಿರು ಚೀಟಿಯ ಅವಧಿ ಮುಗಿದರೆ ಮಾಲೀಕನು ಮರುಪರಿಶೀಲನೆ ಮಾಡಕೂಡದು.

ಅಂಗಡಿ, ಹೋಟೆಲುಗಳ ಮಾಲೀಕರಿಗೆ ಒಂದು ಮಾತು. ಊರಿನಿಂದ ಓದಲು ಬಂದ ಸಂಬಂಧಿಕರ ಹುಡುಗನು 'ಮಾವಾ, ಶನಿವಾರ ಭಾನುವಾರ ಬಂದು ಗಲ್ಲಾಪೆಟ್ಟಿಗೆಯಲ್ಲಿ ಕೂರಲೇ' ಎಂದು ಕೇಳುತ್ತಾನೆ. ಇವರಿಗೂ ಕರುಳು ಚುರಕ್ಕೆನ್ನುತ್ತದೆ. ವಿದ್ಯಾರ್ಥಿ ವೀಸಾದವನು ಪಾಠ ನಡೆಯುವ ಕಾಲದಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಹೊರಗೆ ದುಡಿಯಲು ಪ್ರತ್ಯೇಕ ಅನುಮತಿ ಬೇಕು. 'ಸಂಬಳ ಕೊಡುವುದಿಲ್ಲ, ಊಟ ಕೊಟ್ಟು ಮಲಗಲು ಕೋಣೆ ಕೊಡುತ್ತೇನೆ' ಎಂಬ ಜಾಣ್ಮೆಯೂ ನಡೆಯದು. ದುಡಿಮೆಗೆ ಪ್ರತಿಯಾಗಿ ಕೊಡುವ ಅನ್ನ, ವಸತಿಗಳೂ ವೇತನವೇ. ಮಾವನಿಗೆ ದಂಡ ಬಿದ್ದರೆ ಕಟ್ಟಿಯಾನು. ಹುಡುಗನ ವೀಸಾ ಹೋದರೆ, ಅವನ ಓದಿಗೆಂದು ಊರಿನಲ್ಲಿ ಹೊಲ ಅಡವಿಟ್ಟು ತೆಗೆದ ಸಾಲ ಹಾಗೆಯೇ ಉಳಿಯುತ್ತದೆ. ಅಂಥವನನ್ನು ಮನೆಗೆ ಕರೆದು ಊಟ ಹಾಕಲಿ, ಕೈಲಾದರೆ ಶುಲ್ಕಕ್ಕೆ ನೆರವಾಗಲಿ, ಅಂಗಡಿಯಲ್ಲಿ ಕೂರಿಸಬಾರದು.

ಮನೆಗೆಲಸದವರ ವಿಚಾರವೂ ಹಾಗೆಯೇ. ಅಪರೂಪಕ್ಕೊಮ್ಮೆ ಬಂದು ಹೋಗುವವರಿಗೆ ಐ-9 ಬೇಡ. ನಿಯಮಿತವಾಗಿ ಬರುವ ದಾದಿಗೆ ಬೇಕು. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಭಾರತೀಯ ರಾಜತಾಂತ್ರಿಕ ಅಧಿಕಾರಿಯೊಬ್ಬರ ಬಂಧನವಾದದ್ದು ಮನೆಗೆಲಸದಾಕೆಯ ವೀಸಾ ಅರ್ಜಿಯ ವಿಷಯದಲ್ಲೇ. ಅರ್ಜಿಯ ಕರಾರಿನಲ್ಲಿ ಗಂಟೆಗೆ 9.75 ಡಾಲರು ಎಂದಿದ್ದು, ಕೊಟ್ಟದ್ದು ಅದಕ್ಕಿಂತ ಬಹಳ ಕಡಿಮೆಯೆಂಬುದು ಆರೋಪ. ಅಧಿಕಾರಿ ಅದನ್ನು ನಿರಾಕರಿಸಿದರು. ಎರಡು ದೇಶಗಳ ಬಾಂಧವ್ಯವೇ ಕೆಲಕಾಲ ಅಲುಗಾಡಿತು.

ಕೊನೆಯದಾಗಿ, ಅಲ್ಲಿ ಮಂದಿರ, ಮಠಗಳನ್ನು ಕಟ್ಟಿ ನಡೆಸುತ್ತಿರುವ ಭಕ್ತ ಮಂಡಳಿಗಳೂ ಉದ್ಯೋಗದಾತರೇ. ಧಾರ್ಮಿಕ ಸೇವೆಗಾಗಿ ಇರುವ ಆರ್-1 ವೀಸಾದಲ್ಲಿ ಕರೆಸಿಕೊಳ್ಳುವವರು ಅದಕ್ಕೆ ಹಿಂದಿನ ಎರಡು ವರ್ಷಗಳಿಂದಲಾದರೂ ಅದೇ ಪಂಥದ ಸದಸ್ಯರಾಗಿರಬೇಕು. ಮೊದಲು 30 ತಿಂಗಳು, ಒಟ್ಟು ಐದು ವರ್ಷ ಅದರ ಮಿತಿ. ಪೂಜೆ, ಬೋಧನೆಗಳಂತಹ ಧಾರ್ಮಿಕ ಕೆಲಸಕ್ಕೆ ಅದು ಸಲ್ಲುತ್ತದೆಯೇ ಹೊರತು ಗುಡಿಸಿ ಸಾರಿಸುವವರು, ಕಟ್ಟಡ ದುರಸ್ತಿಯವರು, ಗುಮಾಸ್ತರು, ದೇಣಿಗೆ ಎತ್ತುವವರಿಗೆ ಸಲ್ಲದು. ಅಧಿಕಾರಿಗಳು ಬಂದು ಸ್ಥಳವನ್ನು ನೋಡಬಹುದು, ಪೂಜಾರಿಯನ್ನೇ ಮಾತನಾಡಿಸಬಹುದು. ಅವರು ಕೆಲಸ ಬಿಟ್ಟರೆ 14 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ನ್ಯೂ ಜರ್ಸಿಯ ಬೃಹತ್ ದೇವಾಲಯವೊಂದರ ನಿರ್ಮಾಣದಲ್ಲಿ ಈ ವೀಸಾದವರನ್ನು ಅತ್ಯಲ್ಪ ವೇತನಕ್ಕೆ ಶಿಲ್ಪಕೆಲಸದಲ್ಲಿ ದುಡಿಸಲಾಯಿತೆಂದು 2021ರಲ್ಲಿ ದಾವೆ ಹೂಡಲಾಯಿತು. ಸಂಸ್ಥೆ ಆರೋಪವನ್ನು ಅಲ್ಲಗಳೆಯಿತು, ಸರ್ಕಾರವು ತನ್ನ ತನಿಖೆಯನ್ನು 2025ರಲ್ಲಿ ಮುಕ್ತಾಯಗೊಳಿಸಿತು. ಸತ್ಯಾಸತ್ಯವೇನೇ ಇರಲಿ, ಸೇವೆ ಎಂಬ ಪವಿತ್ರ ಮಾತು ಸಂಬಳದ ಚೀಟಿಯ ಸ್ಥಾನದಲ್ಲಿ ನಿಲ್ಲಲಾರದು. ಮಂಡಳಿಯ ಕಾರ್ಯದರ್ಶಿಗಳು ಬದಲಾಗುತ್ತಿರುತ್ತಾರೆ. ಒಬ್ಬರ ಮನೆಯ ಪೆಟ್ಟಿಗೆಯಿಂದ ಇನ್ನೊಬ್ಬರ ಮನೆಯ ಪೆಟ್ಟಿಗೆಗೆ ಕಡತ ಹೋಗುವಾಗ ಅರ್ಚಕರ ಕಾಗದಗಳೇ ಕಾಣೆಯಾಗುವುದುಂಟು. ಅದಕ್ಕೊಂದು ಕಾಯಂ ಕಪಾಟು ಇರಲಿ.

ಈಗಾಗಲೇ ನಮೂನೆಗಳಲ್ಲಿ ತಪ್ಪಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ತಪ್ಪಾದ ಬರಹದ ಮೇಲೆ ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಕಿರುಸಹಿ ಮತ್ತು ಅಂದಿನ ತಾರೀಖನ್ನು ಹಾಕಬೇಕು. ನೌಕರನ ಭಾಗವನ್ನು ನೌಕರನೇ ತಿದ್ದಬೇಕು. ಬಿಳಿ ಬಣ್ಣ ಬಳಿದು ಮುಚ್ಚಬಾರದು. ನಮೂನೆಯೇ ಇಲ್ಲದಿದ್ದರೆ ಇಂದೇ ತುಂಬಿ, ಇಂದಿನ ತಾರೀಖನ್ನೇ ಹಾಕಿ, ತಡವಾದ ಕಾರಣವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗೆ ಲಗತ್ತಿಸಬೇಕು. ಹಳೆಯ ತಾರೀಖು ಹಾಕಿ ಹೊಂದಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮರೆತದ್ದಕ್ಕೆ ಬೀಳುವುದು ದಂಡ, ಹಳೆಯ ತಾರೀಖು ಹಾಕಿದ್ದಕ್ಕೆ ನಡೆಯುವುದು ಸುಳ್ಳು ದಾಖಲೆಯ ಮೊಕದ್ದಮೆ.